ಗಣಿ ಸಚಿವರಿಗೊಂದು ಬಹಿರಂಗ ಪತ್ರ: ಮೊದಲು ಕೇಳಿ, ಆಮೇಲೆ ಅಗೆಯಿರಿ

ಮಾನ್ಯ ಗಣಿ ಮತ್ತು ಕೈಗಾರಿಕಾ ಸಚಿವರೇ,

ನಮಸ್ಕಾರ. ಉದ್ಯಮವೂ ಸಮಾಜವೂ ಕೈಜೋಡಿಸಬೇಕು ಅಂತ ನೀವು ಭಾಷಣಗಳಲ್ಲಿ ಆಗಾಗ ಹೇಳುತ್ತೀರಿ. ಒಳ್ಳೆಯ ಮಾತು. ಆದರೆ ಯಾವಾಗ ಕೈಜೋಡಿಸುವುದು? ಗಣಿಗೆ ಅನುಮತಿ ಕೊಟ್ಟಾಗಿ, ಯಂತ್ರಗಳು ಬಂದು ನಿಂತ ಮೇಲೆ ಜನರನ್ನು ಕರೆದು, ನೂರಾರು ಪುಟದ ವರದಿ ಕೈಗಿಟ್ಟು ಅಭಿಪ್ರಾಯ ಹೇಳಿ ಅಂದರೆ ಅದು ಸಹಕಾರ ಅಲ್ಲ, ಸುಮ್ನೆ ಶಾಸ್ತ್ರ ಮುಗಿಸುವ ಕೆಲಸ. ನೇರವಾಗಿ ಹೇಳಿದ್ದಕ್ಕೆ ಬೇಸರ ಬೇಡ.

1970ರಲ್ಲಿ ಜಗತ್ತು ವರ್ಷಕ್ಕೆ ಸುಮಾರು 3,000 ಕೋಟಿ ಟನ್ ಕಚ್ಚಾವಸ್ತು ತೆಗೆಯುತ್ತಿತ್ತು. ಅದಿರು, ಮರಳು, ಕಲ್ಲು, ಮರ, ಎಣ್ಣೆ, ಬೆಳೆ ಎಲ್ಲ ಸೇರಿ. ಈಗ ಅದು 10,000 ಕೋಟಿ ಟನ್ ದಾಟಿದೆ. ಇದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕ. ಇಷ್ಟೊಂದು ಎಲ್ಲಿಂದ ಬರುತ್ತದೆ? ಯಾರದೋ ಮನೆ ಹಿಂದಿನ ಗುಡ್ಡದಿಂದ, ಯಾರದೋ ನದಿಯಿಂದ.

ಬ್ರೆಜಿಲ್‌ನ ಬ್ರುಮಾಡಿನ್ಯೊ ನಿಮಗೆ ನೆನಪಿರಬೇಕು. 2019ರ ಜನವರಿ 25ರ ಮಧ್ಯಾಹ್ನ ವಾಲೆ ಕಂಪನಿಯ ಕಬ್ಬಿಣದ ಗಣಿಯಲ್ಲಿ, ಅದಿರು ಸಂಸ್ಕರಿಸಿ ಉಳಿದ ಕೆಸರನ್ನು ತಡೆದಿದ್ದ ಕಟ್ಟೆ ಒಡೆಯಿತು. 270 ಜನ ಸತ್ತರು. ಕಂಪನಿಯ ಆಫೀಸು, ಕ್ಯಾಂಟೀನು ಕಟ್ಟೆಯ ಕೆಳಗೇ ಇದ್ದವು, ಹಾಗಾಗಿ ಸತ್ತವರಲ್ಲಿ ಹೆಚ್ಚಿನವರು ಅಲ್ಲಿನ ಕೆಲಸಗಾರರೇ. ಕೆಲವೇ ತಿಂಗಳ ಹಿಂದೆ ಅದೇ ಕಟ್ಟೆ ಗಟ್ಟಿಯಾಗಿದೆ ಅಂತ ಪ್ರಮಾಣಪತ್ರ ಸಿಕ್ಕಿತ್ತು! ಕೊಟ್ಟವರು ಯಾರು? ಕಂಪನಿಯೇ ದುಡ್ಡು ಕೊಟ್ಟು ನೇಮಿಸಿಕೊಂಡ ತಪಾಸಣಾ ಸಂಸ್ಥೆ. ಪರೀಕ್ಷೆ ಬರೆಯುವವನೇ ಮೇಷ್ಟ್ರಿಗೆ ಸಂಬಳ ಕೊಟ್ಟರೆ ಯಾವ ಮೇಷ್ಟ್ರು ಫೇಲ್ ಮಾಡುತ್ತಾರೆ ಹೇಳಿ?

ಆಮೇಲೆ, 2020ರ ಆಗಸ್ಟ್‌ನಲ್ಲಿ, ಇಂಥ ಕಟ್ಟೆಗಳಿಗೆ ಜಾಗತಿಕ ಮಾನದಂಡವೊಂದು ಬಂತು. ಕಟ್ಟೆಯ ಮಾಹಿತಿ ಜನರ ಮುಂದಿಡಬೇಕು, ಅಪಾಯದಲ್ಲಿರುವವರ ಮಾತು ಕೇಳಿ ತೀರ್ಮಾನ ಮಾಡಬೇಕು ಅನ್ನುತ್ತದೆ. ಆದರೆ ಅದು ಕಾನೂನಲ್ಲ. ಕಾನೂನು ಮಾಡುವುದು ನಿಮ್ಮ ಕೈಲಿದೆ. ತಪಾಸಣೆಯ ದುಡ್ಡನ್ನೂ ಕಂಪನಿಗಳು ಒಂದು ಸಾರ್ವಜನಿಕ ನಿಧಿಗೆ ಕಟ್ಟಲಿ, ತಪಾಸಕರನ್ನು ಆ ನಿಧಿಯೇ ನೇಮಿಸಲಿ. ಇರ್ಮಾ ಅನ್ನೋ ಗಣಿ ಪ್ರಮಾಣೀಕರಣ ವ್ಯವಸ್ಥೆಯ ಮಂಡಳಿಯಲ್ಲಿ ಗಣಿ ಕಂಪನಿಗಳಿಗೆ ಎಷ್ಟು ಬೆಲೆಯೋ, ಕಾರ್ಮಿಕ ಸಂಘಟನೆಗಳಿಗೂ ಗಣಿಯ ತೊಂದರೆ ಉಣ್ಣುವ ಜನರಿಗೂ ಅಷ್ಟೇ ಬೆಲೆ. ಅಲ್ಲಿ ಆಗುವುದು ಸರ್ಕಾರಕ್ಕೆ ಯಾಕೆ ಆಗುವುದಿಲ್ಲ?

ಇನ್ನು ಅಗೆಯದೇ ಸಿಗುವ ಲೋಹದ ಮಾತು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು. ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋಗಿದ್ದು ಶೇ 22.3 ಮಾತ್ರ. ಹಳೇ ಅಲ್ಯೂಮಿನಿಯಂ ಕರಗಿಸಿ ಬಳಸಿದರೆ, ಅದಿರಿನಿಂದ ಹೊಸದಾಗಿ ತಯಾರಿಸುವುದಕ್ಕಿಂತ ಸುಮಾರು ಶೇ 95ರಷ್ಟು ಶಕ್ತಿ ಉಳಿಯುತ್ತದೆ. ಇದರಲ್ಲಿ ನಮ್ಮ ಪಾಲೂ ಇದೆ. ಕೆಟ್ಟ ಫೋನುಗಳನ್ನು ಡ್ರಾಯರ್‌ನಲ್ಲಿ ಕೂಡಿಟ್ಟುಕೊಂಡು ಕಂಪನಿಗಳನ್ನು ಬೈಯುವುದು ಸುಲಭ, ಅಲ್ವಾ? ಆದರೆ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿ, ಬಿಡಿಭಾಗಗಳನ್ನೂ ಮಾರದಿದ್ದರೆ ರಿಪೇರಿ ಮಾಡುವವರು ಏನು ಮಾಡಬೇಕು? ಯುರೋಪಿಯನ್ ಒಕ್ಕೂಟ 2024ರ ಕಾನೂನಿನಲ್ಲಿ, ಆಯಕಟ್ಟಿನ ಕಚ್ಚಾವಸ್ತುಗಳ, ಅಂದರೆ ಬ್ಯಾಟರಿ, ರಕ್ಷಣೆಯಂಥ ಮುಖ್ಯ ಉದ್ಯಮಗಳಿಗೆ ಬೇಕೇಬೇಕಾದ ವಸ್ತುಗಳ, ವಾರ್ಷಿಕ ಬಳಕೆಯ ಶೇ 25ರಷ್ಟನ್ನು 2030ರ ಹೊತ್ತಿಗೆ ಮರುಬಳಕೆಯಿಂದಲೇ ಒದಗಿಸುವ ಸಾಮರ್ಥ್ಯ ಬೇಕು ಅಂತ ಗುರಿ ಇಟ್ಟುಕೊಂಡಿದೆ. ಮುಟ್ಟುತ್ತಾರೋ ಇಲ್ಲವೋ, ಕೇಳಲು ಒಂದು ಅಂಕಿಯಾದರೂ ಇದೆ. ನಿಮ್ಮ ಅಂಕಿ ಎಷ್ಟು?

ಮುಂದಿನ ಗಣಿ ಅರ್ಜಿ ನಿಮ್ಮ ಮೇಜಿಗೆ ಬಂದಾಗ, ಸಹಿ ಹಾಕುವ ಮುಂಚೆ, ಆ ಗಣಿ ಬಳಸುವ ನೀರೆಷ್ಟು, ಬಿಟ್ಟುಹೋಗುವ ಕೆಸರೆಷ್ಟು, ಗಣಿ ಮುಚ್ಚುವ ಖರ್ಚು ಯಾರದು ಅನ್ನೋದನ್ನು ಅಲ್ಲಿನ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಿ. ಓದಲು ಕನಿಷ್ಠ ಎರಡು ತಿಂಗಳು ಕೊಡಿ. ಬೇಡ ಅನ್ನುವ ಹಕ್ಕೂ ಅವರಿಗಿರಲಿ. ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಅಂತ ಬಹಿರಂಗವಾಗಿಯೇ ಉತ್ತರಿಸಿ.

ಇಂತಿ,
ಒಬ್ಬ ಮತದಾರ