ಬೀಗದ ಜೊತೆಗೆ ಕೀಲಿಯ ಮಾತು

ಸುಂಟಿಕೊಪ್ಪ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ತೋಟದ ಕಚೇರಿಗೆ ಹೊಸ ಲ್ಯಾಪ್‌ಟಾಪ್ ಬಂದಿದೆ, ಇನ್ನು ಮುಂದೆ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಎಲ್ಲ ಅದರಲ್ಲೇ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಮೂವತ್ತು ವರ್ಷ ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು. ಹಾಜರಿ ಬರೆಯುವುದನ್ನು ನಿನಗೆ ಕಲಿಸಬೇಕಾಗಿಲ್ಲ. ಆದರೆ ಅದರಲ್ಲಿ ಒಂದು ಹೆಸರನ್ನಾದರೂ ತುಂಬಿಸುವ ಮೊದಲು ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡು, ಎಂದರೆ ಕೀಲಿಯಿಲ್ಲದೆ ಯಾರೂ ಓದಲಾಗದಂತೆ ಅದರಲ್ಲಿರುವುದಕ್ಕೆಲ್ಲ ಬೀಗ ಹಾಕು.

ಪಾಸ್‌ವರ್ಡ್ ಇದೆಯಲ್ಲ ಎನ್ನುತ್ತೀಯೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಿಂದೊಮ್ಮೆ ಕಂಪ್ಯೂಟರ್ ಕೆಟ್ಟಾಗ ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ನಾಲ್ಕು ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ಹೊರತೆಗೆದು, ಕೇಬಲ್ ಸಿಕ್ಕಿಸಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ನನ್ನ ಚಹಾ ಆರುವಷ್ಟರಲ್ಲಿ ಲೈನ್‌ಮನೆಯವರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆಗಳು, ಸಾಹುಕಾರರ ಪಹಣಿ, ಪ್ಯಾನ್ ಎಲ್ಲವೂ ಅವನ ಪರದೆಯ ಮೇಲೆ. ಪಾಸ್‌ವರ್ಡ್ ಕೇಳುವುದು ವಿಂಡೋಸ್; ವಿಂಡೋಸೇ ಎದ್ದಿರದಿದ್ದರೆ ಕೇಳುವವರಾರು? "ಎಲ್ಲ ಸಿಕ್ಕಿತು ಸರ್" ಎಂದು ಹುಡುಗ ನಕ್ಕ. ನನಗೆ ಬೆವರು. ಅಸ್ಸಾಮಿನಿಂದ ದುಡಿಯಲು ಬಂದವರು ನನ್ನನ್ನು ನಂಬಿ ಕೊಟ್ಟ ಕಾಗದಗಳು ಅವು.

ಎನ್‌ಕ್ರಿಪ್ಟ್ ಆದ ಡಿಸ್ಕನ್ನು ಹಾಗೆ ಬಿಚ್ಚಿ ಜೋಡಿಸಿದರೆ ಅರ್ಥವಿಲ್ಲದ ಅಕ್ಷರರಾಶಿ ಬಿಟ್ಟು ಬೇರೇನೂ ಕಾಣುವುದಿಲ್ಲ. ವಿಂಡೋಸ್ ಪ್ರೊ ಆದರೆ ಈ ಬೀಗ ಹಾಕುವ ಬಿಟ್‌ಲಾಕರ್ ಅದರಲ್ಲೇ ಇರುತ್ತದೆ. ಹೋಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಇದೆಯೇ ನೋಡು. ಕೆಲವು ಹೊಸ ಯಂತ್ರಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಅದು ಚಾಲೂ ಆಗಿರುತ್ತದೆ. ಎರಡೂ ಇಲ್ಲದಿದ್ದರೆ ವೆರಾಕ್ರಿಪ್ಟ್ ಎಂಬುದು ಉಚಿತವಾಗಿ ಸಿಗುತ್ತದೆ.

ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ನಾನು ಕಾಗದ ಬರೆಯಲು ಕೂತದ್ದು ಕೀಲಿಯ ವಿಷಯಕ್ಕೆ. ಅಂಗಡಿಯಲ್ಲಿ ಬೆವರಿದ ಮೇಲೆ ಹುಮ್ಮಸ್ಸಿನಿಂದ ಹೊಸ ಯಂತ್ರಕ್ಕೆ ಬಿಟ್‌ಲಾಕರ್ ಹಾಕಿದೆ. ಬೀಗ ತಾನಾಗಿ ತೆರೆಯದಿದ್ದಾಗ ಬೇಕಾಗುವ 48 ಅಂಕಿಗಳ ರಿಕವರಿ ಕೀ ಕೊಟ್ಟಿತು. ಅದನ್ನು ಅದೇ ಡಿಸ್ಕಿನಲ್ಲಿ ಉಳಿಸಲು ಹೋದರೆ ವಿಂಡೋಸ್ ಒಪ್ಪಲಿಲ್ಲ. ನಾನು ಅದಕ್ಕಿಂತ ಜಾಣ! ಪ್ರಿಂಟ್ ಒತ್ತಿ, ಪಿಡಿಎಫ್ ಮಾಡಿ ಅಲ್ಲೇ ಇಟ್ಟೆ. ಮರುವರ್ಷ ಹೂಮಳೆಯ ಜೊತೆ ಬಂದ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಆದರೆ ದಿನವೂ ಸದ್ದಿಲ್ಲದೆ ಬೀಗ ತೆರೆಯುತ್ತಿದ್ದ ಟಿಪಿಎಂ ಚಿಪ್ ಹಳೆಯ ಬೋರ್ಡಿನ ಜೊತೆ ಹೋಗಿತ್ತು. ಹೊಸ ಬೋರ್ಡ್ ಹಾಕಿದಾಗ ನೀಲಿ ಪರದೆ ಬಂದು 48 ಅಂಕಿ ಕೇಳಿತು. ಬೀರುವಿನ ಕೀಲಿ ಬೀರುವಿನೊಳಗೆ! ಮೇಸ್ತ್ರಿಗಳ ನೋಟ್‌ಬುಕ್ಕುಗಳನ್ನು ಬೇಡಿ ತಂದು ಒಂದು ವರ್ಷದ ಹಾಜರಿಯನ್ನು ಮತ್ತೆ ಬರೆದೆ. ನಿನ್ನ ದೊಡ್ಡಮ್ಮ ಈಗಲೂ ಅದನ್ನು ಹೇಳಿ ನಗುತ್ತಾಳೆ.

ಆದ್ದರಿಂದ ಆ ಅಂಕಿಗಳನ್ನು ಬಾಲ್‌ಪೆನ್ನಿನಲ್ಲಿ ಎರಡು ಕಾಗದದ ಮೇಲೆ ಬರೆ. ನಮ್ಮ ಮಳೆಗಾಲದ ತೇವಕ್ಕೆ ಪ್ರಿಂಟರಿನ ಶಾಯಿ ಹರಡಿ 3 ಯಾವುದು, 8 ಯಾವುದು ತಿಳಿಯದಂತಾಗುತ್ತದೆ. ಕಾಗದಕ್ಕೆ ಬೂಸ್ಟು ಬೇರೆ. ಲ್ಯಾಮಿನೇಟ್ ಮಾಡಿಸುವುದಾದರೆ ಎದುರಿಗೆ ನಿಂತೇ ಮಾಡಿಸು. ಬರೆದಾದ ಮೇಲೆ ಅಪ್ಪನ ಕೈಯಲ್ಲಿ ಓದಿಸಿ ತಾಳೆ ನೋಡು. ಒಂದು ಪ್ರತಿಯೂ ಲ್ಯಾಪ್‌ಟಾಪ್ ಚೀಲದಲ್ಲಿ ಇರಬಾರದು. ಫೋಟೋ ತೆಗೆದು ವಾಟ್ಸಾಪಿನಲ್ಲಿ ನನಗೆ ಕಳಿಸಬೇಡ.

ಇನ್ನು, ತೂಕದ ಮನೆಗೆ ಎದ್ದು ಹೋಗುವಾಗ ವಿಂಡೋಸ್ ಗುಂಡಿಯ ಜೊತೆ ಎಲ್ ಒತ್ತಿ ಹೋಗು. ತೆರೆದಿಟ್ಟ ಯಂತ್ರಕ್ಕೆ ಎನ್‌ಕ್ರಿಪ್ಷನ್ ಯಾವ ಕಾವಲೂ ಅಲ್ಲ, ವೈರಸ್ಸನ್ನೂ ಅದು ತಡೆಯದು. ವಾರಕ್ಕೊಮ್ಮೆ ಬೇರೊಂದು ಡಿಸ್ಕಿಗೆ ನಕಲು ತೆಗೆದು, ಅದನ್ನೂ ಎನ್‌ಕ್ರಿಪ್ಟ್ ಮಾಡಿಡು.

ಎರಡನೆಯ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ, ಅಪ್ಪ ಸಂತೆಗೆ ಬರುವಾಗ ಕೊಟ್ಟು ಕಳಿಸು. ನನ್ನ ಜಾಗದ ಪತ್ರಗಳ ಟ್ರಂಕಿನಲ್ಲಿ ಇಡುತ್ತೇನೆ. ಕಣಿಲೆ ಎದ್ದಿದ್ದರೆ ಅದನ್ನೂ ಎರಡು ಕಟ್ಟು ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ