ಆ ತೀರ್ಪು ಇನ್ನೂ ಊರ್ಜಿತವೇ?

ಚಿ. ಸುಮಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ವಕೀಲರ ಕಚೇರಿಯಲ್ಲಿ ಉಳಿದ ಜೂನಿಯರ್‌ಗಳೆಲ್ಲ ಕೃತಕ ಬುದ್ಧಿಮತ್ತೆಯಿಂದಲೇ ತೀರ್ಪು ಹುಡುಕಿಸುತ್ತಾರೆ, ನಾನೊಬ್ಬಳೇ ಪುಸ್ತಕ ತಿರುವುತ್ತ ಕೂತರೆ ಹಿಂದೆ ಬೀಳುತ್ತೇನೆಯೇ ಎಂದು ಕೇಳಿದ್ದೀಯ. ಬಳಸಲೇಬೇಡ ಎನ್ನುವಷ್ಟು ಮುದುಕ ನಾನಿನ್ನೂ ಆಗಿಲ್ಲ. ತೀರ್ಪುಗಳನ್ನು ಅನುವಾದಿಸಲು ಸುಪ್ರೀಂ ಕೋರ್ಟೇ 2019ರಲ್ಲಿ ‘ಸುವಾಸ್’ ಎಂಬ ತಂತ್ರಾಂಶ ತಂದಿತು. ಇನ್ನೂರು ಪುಟದ ಕಡತದಿಂದ ತಾರೀಖುಗಳನ್ನು ಹೆಕ್ಕಿ ಸಾಲಾಗಿ ಇಡುವ ಕೆಲಸವನ್ನು ಧಾರಾಳವಾಗಿ ಯಂತ್ರಕ್ಕೆ ಕೊಡು, ಆಮೇಲೆ ಮೂಲದೊಂದಿಗೆ ತಾಳೆ ನೋಡಿಕೋ. ಆದರೆ ಕಾನೂನು ಏನೆಂದು ಅದನ್ನು ಕೇಳಿ ಸುಮ್ಮನಾಗಬೇಡ.

ನೀನು ಬರೆದಿರುವ ಪಾಲಿನ ದಾವೆಯನ್ನೇ ನೋಡು. ತಂದೆ 1999ರಲ್ಲಿ ತೀರಿಕೊಂಡಿದ್ದಾರೆ, ಮಗಳು ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳುತ್ತಿದ್ದಾಳೆ. ಯಂತ್ರ ‘ಪ್ರಕಾಶ್ ವಿರುದ್ಧ ಫೂಲಾವತಿ’ ತೀರ್ಪನ್ನು ಮುಂದಿಟ್ಟು, ಆಕೆಗೆ ಹಕ್ಕಿಲ್ಲ ಎಂದಿತಂತೆ. ಈ ತೀರ್ಪು ಕಟ್ಟುಕತೆಯಲ್ಲ. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ದಾವೆ ಅದು. 2015ರಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಬದುಕಿದ್ದರೆ ಮಾತ್ರ ಅದರ ಲಾಭ ಸಿಗುತ್ತದೆ ಎಂದರು. 2018ರಲ್ಲಿ ದಾನಮ್ಮ ಪ್ರಕರಣ ಬಂತು, ಅದೂ ನಮ್ಮ ರಾಜ್ಯದ್ದೇ. ಅಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಇನ್ನಿಬ್ಬರು ನ್ಯಾಯಮೂರ್ತಿಗಳು ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಕಡೆಗೆ 2020ರ ಆಗಸ್ಟ್ 11ರಂದು ‘ವಿನೀತಾ ಶರ್ಮಾ’ ಪ್ರಕರಣದಲ್ಲಿ ಮೂವರ ಪೀಠ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಿಲ್ಲ ಎಂದು ಹೇಳಿ ಫೂಲಾವತಿ ತೀರ್ಪನ್ನು ತಳ್ಳಿಹಾಕಿತು.

ಯಂತ್ರ ಯಾಕೆ ಹಳೆಯದಕ್ಕೇ ಜೋತುಬಿದ್ದಿತು ಎಂದು ನನಗೂ ಕುತೂಹಲ. ಐದು ವರ್ಷ ಎಷ್ಟೋ ನ್ಯಾಯಾಲಯಗಳು ಆ ತೀರ್ಪನ್ನೇ ಉಲ್ಲೇಖಿಸಿದವು, ಲೇಖನಗಳೂ ಬಂದವು. ಅದು ಓದಿದ ರಾಶಿಯಲ್ಲಿ ಹಳೆಯ ಮಾತಿನ ಸದ್ದು ಜೋರಾಗಿದ್ದರೆ ಆಶ್ಚರ್ಯವಿಲ್ಲ. ನಮ್ಮ ವೃತ್ತಿಯಲ್ಲಿ ಎಷ್ಟು ಸಲ ಹೇಳಿದರು ಎನ್ನುವುದಕ್ಕಿಂತ ಯಾರು, ಎಷ್ಟು ಜನರ ಪೀಠದಲ್ಲಿ ಕೂತು, ಯಾವಾಗ ಹೇಳಿದರು ಎನ್ನುವುದೇ ಮುಖ್ಯ. ಮೂವರ ಒಂದು ತೀರ್ಪಿನ ಮುಂದೆ ಇಬ್ಬರ ನೂರು ತೀರ್ಪುಗಳೂ ನಿಲ್ಲುವುದಿಲ್ಲ. ಈ ತಾರತಮ್ಯ ಗೊತ್ತಿಲ್ಲದವನಿಗೆ ಎಷ್ಟು ಓದಿದ್ದರೂ ವಕೀಲಿ ಬಂದಂತಲ್ಲ.

ಕಲಂಗಳ ವಿಷಯದಲ್ಲೂ ಹುಷಾರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ ಹೈಕೋರ್ಟ್‌ನ ಅಂತರ್ಗತ ಅಧಿಕಾರದ್ದು, ಅಂದರೆ ನ್ಯಾಯ ಕಾಪಾಡಲು ಅದಕ್ಕೆ ತಾನಾಗಿಯೇ ಇರುವ ಅಧಿಕಾರದ್ದು. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನಿನದು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಸಂಖ್ಯೆ ಸರಿಯಿದ್ದೂ ಅರ್ಜಿ ತಪ್ಪಾಗುವುದು ಹೀಗೆ.

ಇಲ್ಲದ ತೀರ್ಪುಗಳ ಕತೆ ನಿನಗೆ ಗೊತ್ತೇ ಇರುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯದಲ್ಲಿ, ಏವಿಯಾಂಕಾ ವಿಮಾನ ಸಂಸ್ಥೆಯ ಮೇಲಿನ ಪ್ರಕರಣದಲ್ಲಿ ವಕೀಲರೊಬ್ಬರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಉಲ್ಲೇಖಿಸಿದರು. ಇವು ನಿಜವೇ ಎಂದು ಅದನ್ನೇ ಕೇಳಿದರು, ಅದು ಹೌದೆಂದಿತು. ಕಳ್ಳನನ್ನೇ ಸಾಕ್ಷಿಗೆ ಕರೆದಂತೆ. ಅಲ್ಲಿನ ನ್ಯಾಯಾಧೀಶರು ಐದು ಸಾವಿರ ಡಾಲರ್ ದಂಡ ಹಾಕಿದರು. ಅನುಮಾನ ಎದ್ದ ಮೇಲೂ ಅವನ್ನೇ ಸಮರ್ಥಿಸಿಕೊಂಡದ್ದು ಅವರನ್ನು ಹೆಚ್ಚು ಕೆರಳಿಸಿತ್ತು. ದೂರದ ಮಾತೆಂದು ನಗಬೇಡ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳು ಸೇರಿಕೊಂಡಿದ್ದವು. ಕೊನೆಗೆ ಆದೇಶವನ್ನೇ ಹಿಂಪಡೆಯಬೇಕಾಯಿತು.

ಆದರೂ ನನಗೆ ಇಂಥವುಗಳ ಭಯ ಕಡಿಮೆ. ಇಲ್ಲದ ತೀರ್ಪು ಎದುರು ವಕೀಲರ ಕಣ್ಣಿಗೆ ಬೇಗ ಬೀಳುತ್ತದೆ. ಇದ್ದೂ ಸತ್ತಿರುವ ತೀರ್ಪು, ಬೇರೆಯದೇ ಸಂಗತಿಗಳ ಮೇಲೆ ಬಂದ ತೀರ್ಪು, ಇವು ಮೋಸಗೊಳಿಸುತ್ತವೆ. ಅದಕ್ಕೇ ಉಲ್ಲೇಖಿಸುವ ಸುಪ್ರೀಂ ಕೋರ್ಟ್‌ನ ಪ್ರತಿ ತೀರ್ಪನ್ನೂ ಅದರ ಆನ್‌ಲೈನ್ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ತೆರೆದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದು. ಕಾಸು ಬೇಕಿಲ್ಲ, ತಾಳ್ಮೆ ಬೇಕು. ಇನ್ನೊಂದು ಮಾತು: ಕಕ್ಷಿದಾರರ ಹೆಸರು, ಸರ್ವೆ ನಂಬರು, ಮನೆಯ ಜಗಳದ ವಿವರಗಳನ್ನು ಸಿಕ್ಕಸಿಕ್ಕ ಆ್ಯಪ್‌ಗಳಿಗೆ ಹಾಕಬೇಡ. ಅವರು ನಂಬಿ ಹೇಳಿದ್ದು ನಿನಗೆ.

ಈಗ ನಿನ್ನ ದಾವೆಗೆ ಬರುತ್ತೇನೆ. 2001ರಲ್ಲೇ ಪಾಲಾಗಿದೆ ಎಂದು ಅಣ್ಣತಮ್ಮಂದಿರು ಹೇಳುತ್ತಾರಂತಲ್ಲ, ಆ ಪಾಲುಪಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದೆಯೇ, ಊರವರು ಕೂತು ಬರೆದ ಬರೀ ಹಾಳೆಯೇ? 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿದ್ದರೆ ನಿನ್ನ ಕಕ್ಷಿದಾರಳಿಗೆ ಕಷ್ಟ, ಅಂಥ ಪಾಲನ್ನು ತಿದ್ದುಪಡಿ ಮುಟ್ಟುವುದಿಲ್ಲ. ಬರೀ ಹಾಳೆಯಾಗಿದ್ದರೆ ವಿನೀತಾ ಶರ್ಮಾ ತೀರ್ಪಿನಲ್ಲಿ ಬಾಯಿಮಾತಿನ ಪಾಲಿನ ಬಗ್ಗೆ ಹೇಳಿರುವುದನ್ನು ಎರಡು ಸಲ ಓದು. ಮೂಲ ಕಾಗದ ನೋಡಿದ ಮೇಲೆ ನನಗೆ ಫೋನ್ ಮಾಡು, ರಾತ್ರಿ ಒಂಬತ್ತರ ನಂತರ ಆದರೆ ಒಳ್ಳೆಯದು.

ಇತಿ ನಿನ್ನ
ದೊಡ್ಡಪ್ಪ