ಕಾಲುನೋವೂ ಅಲರ್ಜಿ, ತುಟಿ ಊದಿದರೆ ಸೊಳ್ಳೆ!

ಸಂಪಾದಕರಿಗೆ ನಮಸ್ಕಾರ.

‘ಕೊಲೆಸ್ಟ್ರಾಲ್ ಮಾತ್ರೆ ನನಗೆ ಅಲರ್ಜಿ’ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಹೆಂಡತಿಯೂ ನಾಲ್ಕು ವರ್ಷ ಹಾಗೇ ಹೇಳುತ್ತಿದ್ದಳು. ನಿಜವಾದ ಅಲರ್ಜಿ ಬಂದಿದ್ದು ನನಗೆ. ಅದನ್ನು ನಾನು ಸೊಳ್ಳೆ ಕಚ್ಚಿದ್ದು ಅಂದುಕೊಂಡು ಸುಮ್ನೆ ಕೂತಿದ್ದೆ.

ನಾನು ಅಟೊರ್ವಾಸ್ಟಾಟಿನ್ ನುಂಗುವುದು ಹಳೇ ಅಭ್ಯಾಸ. ಅದೊಂದೇ ಸಾಲದು ಎಂದು ಡಾಕ್ಟರು ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಿದರು. ಎಂಟನೇ ದಿನ ತೋಳಿನ ಮೇಲೆ ಕೆಂಪು ದದ್ದು, ಸಿಕ್ಕಾಪಟ್ಟೆ ತುರಿಕೆ. ನಾನು ನಿವೃತ್ತ ಗಣಿತದ ಮೇಷ್ಟ್ರು. ಗುರುತು ಹಾಕುವ ಚಟ. ಬಾಲ್‌ಪೆನ್ನಿನಿಂದ ದದ್ದಿನ ಸುತ್ತ ಗೆರೆ ಎಳೆದೆ. ಮೂರು ಗಂಟೆ ಬಿಟ್ಟು ನೋಡಿದರೆ ಗೆರೆಯೊಳಗೆ ಏನೂ ಇಲ್ಲ, ಹೊಟ್ಟೆಯ ಮೇಲೆ ಹೊಸದು ಎದ್ದಿದೆ. ಸೊಳ್ಳೆ ಕಚ್ಚಿದ ಗುಳ್ಳೆ ಹೀಗೆ ಜಾಗ ಬದಲಾಯಿಸುವುದಿಲ್ಲ, ಅಲ್ವಾ? ಪಿತ್ತಗಂಧೆ ಬದಲಾಯಿಸುತ್ತದೆ. ಆದರೂ ನನಗೆ ಹೊಳೆಯಲಿಲ್ಲ. ಮಾತ್ರೆ ಒಗ್ಗದಿದ್ದರೆ ಮೊದಲ ದಿನವೇ ಗೊತ್ತಾಗಬೇಕು ಎಂಬ ನಂಬಿಕೆ ನನ್ನದು. ಹಾಗೇನೂ ಇಲ್ಲವಂತೆ, ದಿನಗಳು, ಕೆಲವೊಮ್ಮೆ ವಾರಗಳೇ ಕಳೆದ ಮೇಲೂ ಬರಬಹುದು.

ಆ ರಾತ್ರಿಯೂ ಮಾತ್ರೆ ನುಂಗಿದೆ. ಬೆಳಿಗ್ಗೆ ಶೇವ್ ಮಾಡುವಾಗ ರೇಜರ್ ಮೇಲ್ತುಟಿಗೆ ತಾಗಿತು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ. ಕನ್ನಡಿಯಲ್ಲಿ ನೋಡಿದರೆ ಒಂದೇ ಬದಿ ದಪ್ಪಗಾಗಿದೆ. ಮನೆಯಲ್ಲಿದ್ದ ತುರಿಕೆ ಮಾತ್ರೆ ನುಂಗಿ ಮಲಗೋಣ ಅಂದೆ. ಹೆಂಡತಿ ಬಿಡಲಿಲ್ಲ, ಎಳೆದುಕೊಂಡೇ ಹೋದಳು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಮೂರೇ ಪ್ರಶ್ನೆ. ಉಸಿರಾಟ ಕಷ್ಟವೇ? ನಾಲಿಗೆ ದಪ್ಪ ಅನ್ನಿಸುತ್ತದೆಯೇ? ದನಿ ಬದಲಾಗಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ, ಅಥವಾ ತಲೆ ಸುತ್ತಿ ಬೀಳುವಂತಾದರೂ, ಅದು ನಿಮಿಷಗಳ ಲೆಕ್ಕದ ತುರ್ತು. ಆಗ ಬೇಕಾಗುವುದು ಅಡ್ರಿನಾಲಿನ್ ಇಂಜೆಕ್ಷನ್. ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತುರಿಕೆ ಮಾತ್ರೆ ತೆರೆಯುವುದಿಲ್ಲ. ನನ್ನ ಪುಣ್ಯ, ಅಲ್ಲಿಗೆ ಹೋಗಲಿಲ್ಲ. ಬಿಪಿಗೆ ಏನು ತಗೊಳ್ತೀರಿ ಎಂದೂ ಕೇಳಿದರು. ರಾಮಿಪ್ರಿಲ್, ಎನಾಲಾಪ್ರಿಲ್ ಜಾತಿಯ ಮಾತ್ರೆಗಳೂ ಹೀಗೆ ತುಟಿ ಊದಿಸುತ್ತವಂತೆ. ನನಗೆ ಬಿಪಿ ಇಲ್ಲ. ಎಜೆಟಿಮೈಬ್ ನಿಲ್ಲಿಸಿದರು. ‘ಪರೀಕ್ಷೆ ಮಾಡೋಣ ಅಂತ ಮನೆಯಲ್ಲಿ ಇನ್ನೊಮ್ಮೆ ನುಂಗಬೇಡಿ’ ಎಂದು ಗದರಿಸಿಯೇ ಕಳಿಸಿದರು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

ಅದೇ ದಿನ ಹೆಂಡತಿಯ ‘ಅಲರ್ಜಿ’ಯೂ ಬಯಲಾಯಿತು. ಅವಳಿಗೆ ಆಗಿದ್ದು ಎರಡೂ ತೊಡೆಗಳಲ್ಲಿ ನೋವು, ಮೆಟ್ಟಿಲು ಹತ್ತುವಾಗ ಜಾಸ್ತಿ. ದದ್ದಿಲ್ಲ, ಊತವಿಲ್ಲ. ಅದು ಸ್ಟಾಟಿನ್‌ನ, ಅಂದರೆ ನನ್ನ ಅಟೊರ್ವಾಸ್ಟಾಟಿನ್ ಜಾತಿಯ ಮಾತ್ರೆಯ, ಅಡ್ಡಪರಿಣಾಮ ಇರಬಹುದು, ಅಲರ್ಜಿ ಅಲ್ಲ ಎಂದರು ಡಾಕ್ಟರು. ಹಾಗಂತ ಹಗುರವಾಗಿ ನೋಡುವಂತೆಯೂ ಇಲ್ಲ. ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಹಾಳಾಗುತ್ತಿರಬಹುದು, ಕೂಡಲೇ ಓಡಬೇಕು. ಆದರೆ ಬರೀ ನೋವಾದರೆ ರಕ್ತಪರೀಕ್ಷೆ ಮಾಡಿ ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಟ್ಟು ನೋಡಬಹುದು. ಅವಳು ‘ಅಲರ್ಜಿ’ ಎಂದು ಫೈಲಿನಲ್ಲಿ ಬರೆಸಿಬಿಟ್ಟಿದ್ದರಿಂದ ಯಾರೂ ಆ ತಂಟೆಗೇ ಹೋಗಿರಲಿಲ್ಲ. ಈಗ ಕಡಿಮೆ ಡೋಸಿನ ರೋಸುವಾಸ್ಟಾಟಿನ್ ನಡೆಯುತ್ತಿದೆ. ತೊಡೆ ತಕರಾರು ಮಾಡಿಲ್ಲ.

ಓದುಗರಲ್ಲಿ ಒಂದು ವಿನಂತಿ. ‘ಅಲರ್ಜಿ’ ಅಂತಷ್ಟೇ ಬರೆಸಬೇಡಿ, ಏನಾಯಿತು, ಎಷ್ಟನೇ ದಿನ ಆಯಿತು ಎಂದು ಬರೆಸಿ. ಕಂಪನಿಯ ಹೆಸರಲ್ಲ, ಮಾತ್ರೆಯ ಸ್ಟ್ರಿಪ್ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಬೇಕು. ಅದೇ ಎಜೆಟಿಮೈಬ್ ಹತ್ತಾರು ಹೆಸರಿನಲ್ಲಿ ಸಿಗುತ್ತದೆ, ಸ್ಟಾಟಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿಕೊಂಡೂ ಬರುತ್ತದೆ. ನನ್ನ ಚೀಟಿ ಕನ್ನಡಕದ ಡಬ್ಬಿಯಲ್ಲಿದೆ: ‘ಎಜೆಟಿಮೈಬ್. ಎಂಟನೇ ದಿನ ದದ್ದು, ಒಂಬತ್ತಕ್ಕೆ ತುಟಿ ಊತ.’ ಅಕ್ಷರ ಹೆಂಡತಿಯದು. ನನ್ನ ಮೇಲೆ ಅವಳಿಗೆ ನಂಬಿಕೆ ಇಲ್ಲ.

– ನಿಮ್ಮ ಹಳೆಯ ಓದುಗ, ನಿವೃತ್ತ ಶಿಕ್ಷಕ